ಇಪ್ಪತ್ತೈದು ಜೊತೆ ಬೂಟು

ಸದನ ಸೇರುವ ಮುನ್ನ ಇಪ್ಪತ್ತೈದು ಜೊತೆ ಬೂಟಿಗೆ ಪಾಲಿಶ್ ಹಾಕಿ, ಸೇನೆಯ ಇಪ್ಪತ್ತೈದು ಕುರ್ಚಿಗಳ ಮೇಲೆ ಇಡುವುದು ಕಸಗುಡಿಸುವ ಸಿದ್ದವ್ವನ ಕೆಲಸ. ಸಂವಿಧಾನದ ಪ್ರಕಾರ ಬೂಟು ಕೂತರೆ ಸದಸ್ಯರು ಕೂತಂತೆಯೇ. ಉಳಿದ ಎಪ್ಪತ್ತೈದು ಕುರ್ಚಿಗಳು ಜನ ಆರಿಸಿದವರದು.

ಮೂವತ್ತು ವರ್ಷದ ಹಿಂದೆ ಈ ಸಂವಿಧಾನಕ್ಕೆ ಒಪ್ಪಿಗೆ ಕೇಳಿದಾಗ, "ಬೂಟು ತಾನೇ, ಒಂದು ಮೂಲ್ಯಾಗ ಇರ್ಲಿ ಬಿಡ್ರಿ" ಎಂದು ಊರಿಗೆ ಊರೇ ಹೆಬ್ಬೆಟ್ಟು ಒತ್ತಿತ್ತು. ಸಿದ್ದವ್ವನೂ ಒತ್ತಿದ್ದಳು.

ಇವತ್ತು ಆ ಕುರ್ಚಿಗಳನ್ನು ತೆಗೆಯುವ ತಿದ್ದುಪಡಿ. ಅದಕ್ಕೆ ಎಪ್ಪತ್ತಾರು ಕೈಗಳು ಏಳಬೇಕು. ಎಂದೂ ಒಂದಾಗದ ಎಪ್ಪತ್ತೈದು ಮಂದಿ ಒಂದಾಗಿದ್ದರು. ಆಸ್ಪತ್ರೆಯಿಂದ ಸ್ಟ್ರೆಚರಿನಲ್ಲೇ ಬಂದ ಹಿರಿಯ ಸದಸ್ಯ ದುರ್ಗಪ್ಪನವರೂ ಕೈ ಎತ್ತಿದರು.

"ಎಪ್ಪತ್ತೈದು," ಎಂದು ಸಭಾಪತಿ ತಲೆ ತಗ್ಗಿಸಿದರು. "ತಿದ್ದುಪಡಿ ಬಿದ್ದುಹೋಯಿತು."

ಸದನ ಖಾಲಿಯಾಯಿತು. ಬೂಟುಗಳನ್ನು ಎತ್ತಿಡುತ್ತಿದ್ದ ಸಿದ್ದವ್ವನ ಬಳಿ ದುರ್ಗಪ್ಪನವರು ಸ್ಟ್ರೆಚರ್ ನಿಲ್ಲಿಸಲು ಹೇಳಿದರು.

"ಇದನ್ನ ಹಾಕ್ಕೊಳ್ಳೋರು ಒಮ್ಮೆನಾದ್ರೂ ಇಲ್ಲಿಗೆ ಬಂದಾರೇನವ್ವಾ?"

ಅವಳು ಬೂಟನ್ನು ಬೋರಲು ಹಾಕಿ ತೋರಿಸಿದಳು. ಮೂವತ್ತು ವರ್ಷದ ಅಟ್ಟೆಗೆ ಒಂದು ಕಾಳು ಮಣ್ಣೂ ಹತ್ತಿರಲಿಲ್ಲ.

"ಅವರು ಯಾಕ ಬರ್ತಾರ್ರೀ ಸಾಹೇಬ್ರ?" ಅಂದಳು. "ದಿನಾ ನಾನ ಎತ್ತಿ ಕುಂದರಸ್ತೀನಲ್ರೀ."