ಕೊಡೆಯಮ್ಮ ಮತ್ತು ಕಾಣೆಯಾದ ರಾಕ್ಷಸರು

ಹನ್ನೊಂದಕ್ಕೆ ಸರಿಯಾಗಿ ಕೊಡೆಯಮ್ಮ ಒಳಗೆ ಬಂದರು. ಗ್ರಂಥಪಾಲಕರು ಕಪಾಟಿನ ಹಿಂದೆ ಸರಿದು, ವಿಶ್ವಕೋಶದ ಎರಡು ಸಂಪುಟಗಳ ಸಂದಿಗೆ ಕಣ್ಣು ಹಚ್ಚಿದರು.

ಹೊರಗೆ ಧೋ ಎಂದು ಮಳೆ. ಆಕೆ ತೊಯ್ದು ತೊಪ್ಪೆಯಾಗಿದ್ದರು. ಉದ್ದನೆಯ ಕರಿ ಕೊಡೆ ಮಾತ್ರ ಪ್ಲಾಸ್ಟಿಕ್ ಚೀಲದೊಳಗೆ ಬೆಚ್ಚಗಿತ್ತು. ಕೂಸನ್ನು ಅವಚಿಕೊಂಡ ಹಾಗೆ ಅದನ್ನು ಎದೆಗೆ ಅವಚಿಕೊಂಡಿದ್ದರು. ಐದು ತಿಂಗಳಿನಿಂದ ಪ್ರತಿ ಗುರುವಾರವೂ ಕೊಡೆ ಹಿಡಿದು ಬರುತ್ತಿದ್ದರು. ಒಮ್ಮೆಯಾದರೂ ಅದನ್ನು ಬಿಚ್ಚಿದ್ದಿಲ್ಲ. ಗ್ರಂಥಪಾಲಕರು ಮನಸ್ಸಿನಲ್ಲೇ ಇಟ್ಟ ಹೆಸರು ಕೊಡೆಯಮ್ಮ.

ಕೊಡೆಯ ಗುಟ್ಟು ಅವರಿಗೆ ಹೊಳೆದದ್ದು ನಿನ್ನೆ, ಹಲ್ಲುಜ್ಜುವಾಗ. ಸುರುಳಿ ಸುತ್ತಿದ ಚಿತ್ರವನ್ನು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಯಾವುದಿದೆ!

ರಗಳೆ ಶುರುವಾಗಿ ಮೂರು ವಾರವಾಗಿತ್ತು. ಒಬ್ಬ ತಾಯಿ ದೊಡ್ಡ ಗಾತ್ರದ ಕಥೆಪುಸ್ತಕವೊಂದನ್ನು ಮೇಜಿನ ಮೇಲೆ ಕುಕ್ಕಿದ್ದರು. "ರಾಕ್ಷಸ ಬಂದ ಅಂತ ಬರ್ದಿದೆ. ಎದುರು ಪುಟದಲ್ಲಿ ರಾಕ್ಷಸನೇ ಇಲ್ಲ. ನನ್ನ ಮಗಳು ಮೂರು ದಿನದಿಂದ ಅವನು ಮಂಚದ ಕೆಳಗೆ ಬಂದು ಸೇರ್ಕೊಂಡಿದಾನೆ ಅಂತಿದಾಳೆ!"

ಗ್ರಂಥಪಾಲಕರು ಕಿನ್ನರ ಕಥೆಗಳ ಕಪಾಟನ್ನೆಲ್ಲ ಜಾಲಾಡಿದರು. ಹಳೆಯ ಕಾಲದ ಬಣ್ಣದ ಚಿತ್ರಪುಟಗಳು ನಲವತ್ತೊಂದು ಮಾಯ. ಹೆಸರಾಂತ ಕಲಾವಿದರು ಬರೆದ ರಾಕ್ಷಸರು, ಕಪ್ಪೆಗಳು, ರಾಜಕುಮಾರಿಯರು ಎಲ್ಲರೂ ಗುಳೆ ಎದ್ದು ಹೋಗಿದ್ದರು.

ಗ್ರಂಥಾಲಯ ಸಮಿತಿಯ ಅಧ್ಯಕ್ಷರು ಕೆಂಡಾಮಂಡಲವಾದರು. ಅವರಿಗೆ ಅಂಥ ಚಿತ್ರಗಳೆಂದರೆ ಪ್ರಾಣ. ಮನೆಯ ಗೋಡೆಗಳ ತುಂಬ ಚೌಕಟ್ಟು ಹಾಕಿಸಿಟ್ಟಿದ್ದಾರೆಂದು ಪತ್ರಿಕೆಯಲ್ಲೂ ಬಂದಿತ್ತು. ಹಾಗಾಗಿ ಅವರ ಸಂಕಟ ಅರ್ಥವಾಗುವಂಥದ್ದೇ.

"ಬೀಗದ ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ, ಸಾರ್."

"ಹಾಗಾದ್ರೆ ಕಳ್ಳನ್ನ ಹಿಡಿಯೋದೂ ನಿಮ್ಮ ಕೆಲಸ. ಇಪ್ಪತ್ನಾಲ್ಕನೇ ತಾರೀಕು ಶುಕ್ರವಾರ ಸಭೆ. ಅಷ್ಟರಲ್ಲಿ ಒಂದು ಹೆಸರು ಬೇಕು. ಇಲ್ಲದಿದ್ರೆ ನಿಮ್ಮ ಹೆಸರನ್ನೇ ಬರ್ಕೋತೀವಿ."

ಆಮೇಲೆ ಮೆತ್ತಗಾಗಿ, ಕಳ್ಳರು ಪುಟ ಕೀಳುವ ಬಗೆಯನ್ನೂ ವಿವರಿಸಿದರು. ಬ್ಲೇಡಿನ ಗೊಡವೆಯೇ ಇಲ್ಲ. ಹೊಲಿಗೆಯ ಬದಿಗೆ ಒದ್ದೆ ದಾರ ಇಟ್ಟು ಪುಸ್ತಕ ಮುಚ್ಚಿದರೆ ಸಾಕು, ಹತ್ತು ನಿಮಿಷಕ್ಕೆ ಪುಟ ಸದ್ದಿಲ್ಲದೆ ಕೈಗೆ ಬರುತ್ತದೆ. ಓದಿಕೊಂಡವರ ತಿಳಿವಳಿಕೆಯೇ ಬೇರೆ ಎಂದು ಗ್ರಂಥಪಾಲಕರು ತಲೆದೂಗಿದರು. ಹೊರಡುವ ಮುಂಚೆ ಅಧ್ಯಕ್ಷರು ಈ ವರ್ಷದ ಮೂರನೆಯ ಕನ್ನಡಕವನ್ನು ಒರೆಸುತ್ತ, "ಮನೇಲಿ ಏನು ನೋಡಿದ್ರೂ ಮಂಕು ಮಂಕು ಕಣ್ರೀ" ಎಂದು ಕಣ್ಣಿನ ಡಾಕ್ಟರನ್ನು ಬಾಯಿಗೆ ಬಂದ ಹಾಗೆ ಬೈದರು.

ನಿವೃತ್ತಿಗೆ ಎಂಟೇ ತಿಂಗಳು. ಮೂವತ್ತೊಂದು ವರ್ಷ ಒಂದು ಪುಟದ ಮೂಲೆಯನ್ನೂ ಮಡಿಸದ ಮನುಷ್ಯ ಈಗ ಕಳ್ಳನೆನ್ನಿಸಿಕೊಂಡು ಮನೆಗೆ ಹೋಗಬೇಕೇ? ಗ್ರಂಥಪಾಲಕರಿಗೆ ಊಟ ಸೇರಲಿಲ್ಲ. ಸಾಲದ್ದಕ್ಕೆ ಲೆಕ್ಕವೂ ಕೈಕೊಡುತ್ತಿತ್ತು. ಮರುವಾರ ಎಣಿಸಿದರೆ ಕಾಣೆಯಾದವು ನಲವತ್ತು. ಅದರ ಮುಂದಿನ ವಾರ ಮೂವತ್ತೊಂಬತ್ತು.

"ನಿಮಗೆ ಎಣಿಸೋಕೆ ಬಂದಿದ್ರೆ ಬ್ಯಾಂಕಲ್ಲಿ ಇರ್ತಿದ್ರಿ ಬಿಡಿ," ಎಂದು ಹೆಂಡತಿ ಸಮಾಧಾನ ಹೇಳಿದರು.

ಸಭೆ ನಾಳೆ. ಇವತ್ತು ತಪ್ಪಿದರೆ ಇನ್ನಿಲ್ಲ.

ಸಂದಿಯಾಚೆ ಕೊಡೆಯಮ್ಮ ಅದೇ ಮೂಲೆಯ ಮೇಜು ಹಿಡಿದರು. ಅದೇ ಕಪಾಟಿನಿಂದ ಒಂದು ಕಥೆಪುಸ್ತಕ ತಂದರು. ಜೊತೆಗೆ, ಎಂದಿನಂತೆ, ಎರಡು ದಪ್ಪ ನಿಘಂಟು. ಆ ನಿಘಂಟುಗಳನ್ನು ಆಕೆ ತೆರೆದದ್ದನ್ನು ಯಾರೂ ಕಂಡಿಲ್ಲ. ಮರೆಗೆ ಕೋಟೆ ಕಟ್ಟಿಕೊಳ್ಳುತ್ತಾರೆ, ಬಲು ಚಾಲಾಕು ಎಂದು ಗ್ರಂಥಪಾಲಕರು ಹಲ್ಲು ಕಚ್ಚಿದರು. ಕೈಚೀಲದಿಂದ ಒಂದು ಸಣ್ಣ ಸೀಸೆ, ಕುಂಚ, ಅಡಿಪಟ್ಟಿ ಹೊರಬಂದವು. ಆಕೆ ಸುತ್ತ ನೋಡಿದರು. ಮೆಲ್ಲಗೆ ಕೊಡೆಯ ಪಟ್ಟಿ ಬಿಚ್ಚಿದರು.

ಗ್ರಂಥಪಾಲಕರು ಒಂದೇ ನೆಗೆತಕ್ಕೆ ಮೇಜಿನ ಮುಂದಿದ್ದರು. "ಸಿಕ್ಕಿಬಿದ್ರಿ!"

ಪತ್ರಿಕೆಯ ಮೇಲೆ ತೂಕಡಿಸುತ್ತಿದ್ದ ಮುದುಕರೊಬ್ಬರು ಬೆಚ್ಚಿ ಎದ್ದು ನಿಂತರು.

ಕೊಡೆಯಮ್ಮ ತುಟಿಯ ಮೇಲೆ ಬೆರಳಿಟ್ಟರು. "ಶ್! ಲೈಬ್ರರಿ ಇದು."

ಮೂವತ್ತೊಂದು ವರ್ಷದಲ್ಲಿ ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ. ಆದರೂ ದನಿ ತಗ್ಗಿಸಿ ಕೊಡೆಗೆ ಕೈ ಹಾಕಿದರು. ಸುರುಳಿಯೊಂದು ಜಾರಿ ಬಂತು. ಬಿಚ್ಚಿದರೆ ಹಸಿರು ಮುಖದ, ಕೋರೆಹಲ್ಲಿನ ಭೂಪ.

"ನಮ್ಮ ರಾಕ್ಷಸ ಇದು!"

"ಹೌದು, ನಿಮ್ದೇ."

"ಎಲ್ಲಿಗೆ ಸಾಗಿಸ್ತಿದ್ರಿ?"

"ಸಾಗಿಸ್ತಾ ಇಲ್ಲ, ತಂದಿದೀನಿ. ಸ್ವಲ್ಪ ಆ ನಿಘಂಟು ಈ ಕಡೆ ತಳ್ಳಿ. ಅಂಟು ಹಚ್ಚಿದ್ಮೇಲೆ ಭಾರ ಇಡದಿದ್ರೆ ಪುಟ ಸುರುಟ್ಕೊಳುತ್ತೆ."

ಗ್ರಂಥಪಾಲಕರು ನಿಘಂಟು ತಳ್ಳಿದರು. ಆಕೆ ಪುಟ ತಿರುವಿ ತೋರಿಸಿದರು. ಹೋದ ವಾರದ ಕಪ್ಪೆ ತನ್ನ ಜಾಗದಲ್ಲಿತ್ತು. ಅದರ ಹಿಂದಿನ ವಾರದ ರಾಜಕುಮಾರಿಯೂ. ಹೊಲಿಗೆಯ ಬದಿಯಲ್ಲಿ ಕೂದಲೆಳೆಯಷ್ಟು ಅಂಟಿನ ಗುರುತು. ತನ್ನ ಲೆಕ್ಕ ಸರಿಯಿತ್ತು ಎಂದು ತಿಳಿದದ್ದೇ ಅವರಿಗೆ ಅಳುವಷ್ಟು ಖುಷಿಯಾಯಿತು. ಮರುಕ್ಷಣವೇ ನಾಳೆಯ ಸಭೆ ನೆನಪಾಯಿತು.

"ಹಾಗಾದ್ರೆ ಕಿತ್ತವರು ಯಾರಮ್ಮ? ನಾಳೆ ಸಭೇಲಿ ಹೆಸರು ಹೇಳದಿದ್ರೆ ನನ್ನ ಮಾನ ಹೋಗುತ್ತೆ."

"ನಮ್ಮ ಯಜಮಾನ್ರು." ಆಕೆ ಕುಂಚವನ್ನು ಸೀಸೆಗೆ ಅದ್ದಿದರು. "ಗೋಡೇಲಿರೋ ಚಿತ್ರ ಒಂದೂ ದುಡ್ಡು ಕೊಟ್ಟು ತಂದದ್ದಲ್ಲ ಅಂತ ನನಗೆ ತಿಳಿದಿದ್ದೇ ಈ ವರ್ಷ, ಚೌಕಟ್ಟಿನ ಧೂಳು ಹೊಡೀವಾಗ. ಹಿಂದುಗಡೆ ನಿಮ್ಮ ಮೊಹರು! ಎಲ್ಲಾ ಒಟ್ಟಿಗೆ ತೆಗೆದ್ರೆ ಗೋಡೆ ಬೋಳಾಗುತ್ತಲ್ಲ? ಅದಕ್ಕೇ ವಾರಕ್ಕೊಂದು ತೆಗೆದು, ಆ ಜಾಗಕ್ಕೆ ಕಲರ್ ಜೆರಾಕ್ಸ್ ಹಾಕ್ತೀನಿ."

ಗ್ರಂಥಪಾಲಕರು ಪೆನ್ನು ತೆಗೆದರು. "ಅವರ ಹೆಸರು ಹೇಳಿ, ಬರ್ಕೋತೀನಿ."

"ಬರ್ಕೊಳೋದೇನೂ ಬೇಡ," ಎಂದರು ಕೊಡೆಯಮ್ಮ, ರಾಕ್ಷಸನನ್ನು ಪುಟದೊಳಗೆ ನೇವರಿಸಿ ಕೂರಿಸುತ್ತ. "ನಾಳೆ ಸಭೇಲಿ ಅಧ್ಯಕ್ಷರ ಕುರ್ಚಿ ಪಕ್ಕ ನನಗೂ ಒಂದು ಕುರ್ಚಿ ಹಾಕಿಸಿ. ಕಳ್ಳ ಯಾರು ಅಂತ ಅವರು ಮೇಜು ಗುದ್ದಿ ಕೇಳಿದಾಗ, ಮನೇಲಿ ಕರೆಯೋ ಹಾಗೇ 'ರೀ, ನೀವೇ ಅಲ್ವಾ' ಅಂತೀನಿ."