ಮಿಂಚುಳ್ಳಿ, ಭಾಗ ಎರಡು

“ಇವನು ಮುಖವಾಡ ತೆಗೆಯೋದೇ ಇಲ್ವಲ್ಲೇ?” ಎಂದರು ಚಂದ್ರಶೇಖರಪ್ಪ. ಸಿನಿಮಾ ಶುರುವಾಗಿ ಇನ್ನೂ ಆರು ನಿಮಿಷವೂ ಆಗಿರಲಿಲ್ಲ.

“ಅಪ್ಪಾ, ಪ್ಲೀಸ್! ಜಸ್ಟ್ ವಾಚ್,” ಎಂದಳು ಮಗಳು ಹಂಸಿನಿ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಹದಿನಾಲ್ಕು ವರ್ಷದ ಅವಳೇ ಕಥೆ ಬರೆದು, ಫೋನಿನಲ್ಲಿ ತೆಗೆದ ಸೂಪರ್‌ಹೀರೋ ಸಿನಿಮಾ. ಹೋದ ದೀಪಾವಳಿಗೆ ನ್ಯೂಜೆರ್ಸಿಯ ಪಾರ್ಸಿಪನಿ ಊರಿನ ಕನ್ನಡದವರ ಮುಂದೆ ತೋರಿಸಿದ್ದ ‘ಮಿಂಚುಳ್ಳಿ’ಗೆ ಶಿಳ್ಳೆಯ ಮೇಲೆ ಶಿಳ್ಳೆ ಬಿದ್ದಿತ್ತು. ಬರುವ ಶನಿವಾರ ಗಣೇಶನ ಹಬ್ಬದ ಕಾರ್ಯಕ್ರಮದಲ್ಲಿ ಅದರ ಎರಡನೇ ಭಾಗ. “ಸ್ಟ್ರೆಂತ್ಸ್ ಏನು, ವೀಕ್‌ನೆಸ್ ಏನು, ಎರಡೂ ಹೇಳ್ಬೇಕು. ಅಮ್ಮನ್ನ ಕೇಳಿದ್ರೆ ಎಲ್ಲಾ ಚೆನ್ನಾಗಿದೆ ಅಂತಾಳೆ. ನೀನಾದ್ರೆ ಸುಳ್ಳು ಹೇಳಲ್ಲ,” ಎಂದು ಎಳೆದು ತಂದು ಕೂರಿಸಿದ್ದಳು.

ಆ ಮಾತು ಅಂಗಿಯೊಳಗೆ ಹುಲ್ಲಿನ ಮುಳ್ಳು ಹೊಕ್ಕ ಹಾಗೆ ಚುಚ್ಚುತ್ತಲೇ ಇತ್ತು. ಮೊದಲ ಭಾಗದಲ್ಲಿ ಮಿಂಚುಳ್ಳಿಯಾಗಿದ್ದವನು ಕುಶಾಲ್. ಚಂದ್ರಶೇಖರಪ್ಪನವರ ಕೈಕೆಳಗೆ ಏಳು ವರ್ಷ ದುಡಿದ ದಿವಾಕರನ ಮಗ. ಜನವರಿಯಲ್ಲಿ ಕಂಪನಿ, ನಾಲ್ವರಲ್ಲಿ ಒಬ್ಬನನ್ನು ಕೆಲಸದಿಂದ ತೆಗೆಯಬೇಕು, ಹೆಸರು ಕೊಡಿ ಎಂದಿತ್ತು. ಅದರ ಹಿಂದಿನ ವಾರವಷ್ಟೇ ದಿವಾಕರ, ಕ್ಲೈಂಟ್ ಎದುರಿಗೆ, “ಸಾರ್, ನೀವು ಹೇಳ್ತಿರೋದು ತಪ್ಪು” ಎಂದುಬಿಟ್ಟಿದ್ದ. ಚಂದ್ರಶೇಖರಪ್ಪ ಹೇಳಿದ್ದು ತಪ್ಪೇ ಆಗಿತ್ತು. ಸಿಟ್ಟು ಬಂದದ್ದೂ ಅದಕ್ಕೇ. ಆ ಸಿಟ್ಟಿನಲ್ಲಿ ಅವನ ಹೆಸರು ಬರೆದು ಕಳಿಸಿದರು. ವೀಸಾ ನಿಯಮ ಕೊಡುವ ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗಲಿಲ್ಲ, ವೀಸಾ ಉಳಿಯಲಿಲ್ಲ, ಸಂಸಾರ ಮೈಸೂರಿಗೆ ಹೊರಟುಹೋಯಿತು. ಹಂಸಿನಿ ಎರಡು ದಿನ ಊಟ ಬಿಟ್ಟಳು. “ಮೇಲಿನವರ ತೀರ್ಮಾನ, ನಾನು ಕೈಲಾದಷ್ಟು ಹೋರಾಡಿದೆ,” ಎಂದು ದಿವಾಕರನಿಗೂ ಹೇಳಿದ್ದರು, ಇವಳಿಗೂ ಹೇಳಿದ್ದರು. ನಿಜ ಗೊತ್ತಾದ ದಿನ ಮಗಳು ತನ್ನ ಮುಖ ನೋಡುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪರದೆಯ ಮೇಲೆ ಫೋರ್ಟ್ ಲೀಯ ಹಡ್ಸನ್ ನದಿ ದಂಡೆಯಲ್ಲಿ ಹೊಗೆ ಎದ್ದಿತು. ಖಳನಾಯಕ ಇಡೀ ನ್ಯೂಜೆರ್ಸಿಯನ್ನೇ ನೀರಿಗೆ ನೂಕುತ್ತೇನೆಂದು ಅಬ್ಬರಿಸಿದ. ನೀಲಿ ಮುಖವಾಡದ ಮಿಂಚುಳ್ಳಿ ದೊಡ್ಡ ಸೇತುವೆಯ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತು ಉದ್ದದ ಮಾತಾಡಿದ. ಹದಿನೆಂಟು ನಿಮಿಷಕ್ಕೆ ಮುಗಿಯಿತು.

“ಈಗ ಹೇಳು.”

“ಹೋದ ಸಲ ಕ್ಯಾಮೆರಾ ಕುಡಿದವನ ಹಾಗೆ ಓಲಾಡ್ತಿತ್ತು, ಈ ಸಲ ನೆಟ್ಟಗೆ ನಿಂತಿದೆ. ಸೇತುವೆ ಚೆನ್ನಾಗಿ ತೆಗ್ದಿದ್ದೀಯ. ಅಷ್ಟೇ.”

“ಅಷ್ಟೇನಾ! ವೀಕ್‌ನೆಸ್?”

“ಮೊದಲನೇದರಲ್ಲಿ ಅಜ್ಜಿ ಕನ್ನಡಕ ಕಳೆದುಹೋಗಿತ್ತು. ಎದ್ದುಹೋಗಿ ನಾನೇ ಹುಡುಕಿಕೊಡೋಣ ಅನ್ನಿಸ್ತಿತ್ತು. ಇದರಲ್ಲಿ ನ್ಯೂಜೆರ್ಸಿನೇ ಮುಳುಗ್ತಾ ಇದೆ, ನನಗೆ ಆಕಳಿಕೆ ಬಂತು. ಹೋದ ಸಲ ಮಿಂಚುಳ್ಳಿ ಬೆಡ್‌ಶೀಟ್ ಕಟ್ಕೊಂಡು ಗರಾಜ್ ಮೇಲಿಂದ ಹಾರಿ, ಮೊಣಕಾಲು ತರಚಿಕೊಂಡು, ನಗ್ತಾ ಎದ್ದಿದ್ದ. ಇವನು ಬೀಳೋದೇ ಇಲ್ಲ. ಬೀಳದವನು ಎಂಥಾ ಹೀರೋನೇ?”

ಹಂಸಿನಿ ತುಟಿ ಕಚ್ಚಿಕೊಂಡು ಬರೆದುಕೊಂಡಳು. “ಮತ್ತೆ?”

“ಮುಖ ಬೇಕು ಕಣೇ. ಮುಖ ಮುಚ್ಕೊಂಡು ಭಾಷಣ ಬಿಗಿದರೆ ಯಾರು ನಂಬ್ತಾರೆ?”

“ಹೇಗೆ ತೋರಿಸ್ಲಿ ಅಪ್ಪಾ? ಒಳಗಿರೋನು ನಮ್ಮ ಕ್ಲಾಸ್ ಮಿಹಿರ್. ವಾಯ್ಸ್ ಮಾತ್ರ ಕುಶಾಲ್‌ದು, ಮೈಸೂರಿಂದ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸ್ತಾನೆ. ಬೇರೆ ಯಾರೋ ಮಿಂಚುಳ್ಳಿ ಆಗೋದು... ಐ ಕುಡಂಟ್ ಡು ಇಟ್.”

ಚಂದ್ರಶೇಖರಪ್ಪ ನೀರಿನ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟರು. ಏನಾದರೂ ಒಂದು ಮಾತಾಡಬೇಕಿತ್ತು. “ಅದಕ್ಕೇ ಮತ್ತೆ, ಸೇತುವೆ ಕೆಳಗೆ ಆಟೋ ಹಾರ್ನ್ ಕೇಳಿಸ್ತು. ಹಡ್ಸನ್ ನದಿಗೆ ಆಟೋ ಎಲ್ಲಿಂದ ಬರಬೇಕು? ಮೊದಲು ಅದನ್ನ ತೆಗಿ.”

“ಓ ಮೈ ಗಾಡ್, ಹಾರ್ನಾ!” ಹಂಸಿನಿಗೆ ನಗು ತಡೆಯಲಾಗಲಿಲ್ಲ. ಸಂಗೀತ, ಗಾಳಿ, ಸಿಡಿಮದ್ದಿನ ಸದ್ದು ಒಂದೊಂದನ್ನೇ ಮುಚ್ಚಿ, ಕುಶಾಲ್ ಕಳಿಸಿದ್ದ ಧ್ವನಿಯನ್ನಷ್ಟೇ ಉಳಿಸಿಕೊಂಡು ಸೇತುವೆಯ ದೃಶ್ಯವನ್ನು ಮತ್ತೆ ಹಾಕಿದಳು. ಹಾರ್ನ್ ಬಂತು. ಆಮೇಲೆ ಕುಶಾಲ್‌ನ ಒಡೆಯುತ್ತಿರುವ ಗಂಟಲು: “ನಾನಿರುವವರೆಗೂ ಈ ಊರನ್ನು ಯಾರೂ ಬಿಟ್ಟು ಹೋಗಬೇಕಾಗಿಲ್ಲ!” ಹುಡುಗ ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಿದ್ದನೇನೋ. ಪಕ್ಕದ ಕೋಣೆಯಿಂದ, ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತಿದ್ದ ದಿವಾಕರನ ದನಿ ಸಣ್ಣಗೆ ಕೇಳಿಸಿತು.

“ಹೂಂ ಸಾರ್, ರೆಫರೆನ್ಸ್‌ಗೆ ಅಮೆರಿಕದ ನನ್ನ ಹಳೇ ಬಾಸ್ ಹೆಸರೇ ಹಾಕ್ಕೊಳ್ಳಿ. ಚಂದ್ರಶೇಖರಪ್ಪ. ಸ್ವಲ್ಪ ಮುಂಗೋಪಿ, ಆದ್ರೆ ಅಂಥಾ ನೇರ ಮನುಷ್ಯ ಸಿಗಲ್ಲ. ನನ್ನನ್ನ ಉಳಿಸ್ಕೊಳ್ಳೋಕೆ ಅಂತ ಮೇಲಿನವರ ಜೊತೆ ಜಗಳಾನೇ ಆಡಿದ್ರು...”

“ನಿಲ್ಲಿಸು,” ಎಂದರು ಚಂದ್ರಶೇಖರಪ್ಪ.

“ಯಾಕಪ್ಪಾ? ದಿವಾಕರ ಅಂಕಲ್! ನಿನ್ನ ಬಗ್ಗೆನೇ ಹೇಳ್ತಿದ್ದಾರೆ!” ಹಂಸಿನಿಯ ಮುಖ ಅರಳಿತು. “ಅಮ್ಮಾ, ಬೇಗ ಬಾ, ಅಪ್ಪನ ಬಗ್ಗೆ ಏನ್ ಹೇಳ್ತಿದ್ದಾರೆ ಕೇಳು,” ಎಂದು ಅಡುಗೆಮನೆಯತ್ತ ಕೂಗಿದವಳೇ, ಲ್ಯಾಪ್‌ಟಾಪಿನ ದನಿಯನ್ನು ಪೂರ್ತಿ ಏರಿಸಿದಳು.