ಗೆದ್ದ ಯಂತ್ರ

ತೆಂಗಿನ ಮರ ಹತ್ತುವ ಯಂತ್ರಗಳ ಸ್ಪರ್ಧೆಯಲ್ಲಿ ತೀರ್ಪುಗಾರರು ವಾರಿಜಾಳ ಯಂತ್ರದ ಗೋಣಿಕಟ್ಟನ್ನೂ ಬಿಚ್ಚದೆ ‘ಭದ್ರತೆ ಸಾಲದು’ ಎಂದು ಬರೆದು, ಬಹುಮಾನವನ್ನು ತಮ್ಮ ಭಾವಮೈದುನನ ಯಂತ್ರಕ್ಕೆ ಕೊಟ್ಟರು. ಗೆದ್ದ ಯಂತ್ರದಲ್ಲಿ ಯಾರಾದರೂ ಮರ ಹತ್ತಿ ಎಳನೀರು ಇಳಿಸುವುದು ಅಲ್ಲಿನ ಪದ್ಧತಿ.

ವಾರಿಜಾ ಸೀದಾ ಹೋಗಿ ಮೈಕು ಹಿಡಿದಳು. “ಪರೀಕ್ಷೆ ಮಾಡಿದವರೇ ಈ ಸಲ ಹತ್ತಿ ತೋರಿಸಲಿ.”

ಜನ ಚಪ್ಪಾಳೆ ತಟ್ಟುತ್ತಾ ತೀರ್ಪುಗಾರರನ್ನು ಮರದ ಬುಡಕ್ಕೆ ದೂಡಿದರು. ತುದಿ ನೋಡಿದ ಅವರಿಗೆ ಬೆವರು ಕಿತ್ತುಬಂತು.

“ನಿನ್ನದನ್ನೇ ಕೊಡಮ್ಮ,” ಎಂದು ವಾರಿಜಾಳ ಕಿವಿಯಲ್ಲಿ ಪಿಸುಗುಟ್ಟಿದರು. “ಇದು ಅರ್ಧದಲ್ಲೇ ಜಾರುತ್ತೆ. ಭಾವಮೈದುನನೇ ಬಿದ್ದು ಸೊಂಟ ಮುರ್ಕೊಂಡಿದ್ದಾನೆ.”

“ಕೊಡ್ತೇನೆ ಸಾರ್,” ವಾರಿಜಾ ಮೈಕನ್ನು ಅವರ ಬಾಯಿಗೆ ಹಿಡಿದಳು. “ಮೊದಲು ಇದರಲ್ಲಿ ಇನ್ನೊಮ್ಮೆ ಹೇಳಿ.”